ಅಕ್ಕನ ಕಣ್ಣು

ಮಾರ್ಚ್ ೯, ಭಾನುವಾರ

ಅಮ್ಮ ಇಂದು ಊಟ ಮಾಡಲಿಲ್ಲ.

ತೀರಿಹೋದ ಅಪ್ಪ ತೆಗೆದಿದ್ದ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಲು ಕೂತಿದ್ದೆ. ನಾನು ಹುಟ್ಟುವ ಮೊದಲೇ ಹೋದ ಅಕ್ಕನದು ಒಂದೇ ಚಿತ್ರ, ತೊಟ್ಟಿಲಲ್ಲಿ ಕಣ್ಣರಳಿಸಿದ್ದು. ದೂಳು ಒರೆಸುವಾಗ ಆ ಕಣ್ಣುಗಳಲ್ಲಿ ಕುಂಚದ ಗೆರೆ ಕಂಡಿತು. ಫೋಟೋ ಸ್ಟುಡಿಯೋದಲ್ಲಿ ಮದುಮಕ್ಕಳ ಚಿತ್ರಗಳ ಮೊಡವೆಯನ್ನು ಕುಂಚದಿಂದ ಅಳಿಸುತ್ತಿದ್ದ ಅಪ್ಪ ಮನೆಯವರಿಗೂ ಸುಳ್ಳು ಬರೆದುಕೊಟ್ಟರೇ ಎಂದು ಮೈ ಉರಿಯಿತು. ಸತ್ಯಕ್ಕೆ ಬಣ್ಣ ಬಳಿಯುವುದೇ ಮೊದಲ ದ್ರೋಹ ಎಂದು ಬೀದಿ ಬೀದಿಯಲ್ಲಿ ಕರಪತ್ರ ಹಂಚಿದವಳು ನಾನು. ಒದ್ದೆ ಹತ್ತಿಯಿಂದ ಒರೆಸಿಯೇಬಿಟ್ಟೆ. ಕಣ್ಣು ಮುಚ್ಚಿದ, ಉಸಿರಿಲ್ಲದ ಮಗು ಉಳಿಯಿತು.

"ನೋಡಮ್ಮಾ, ಅಪ್ಪ ನಿಂಗೆ ಮೋಸ ಮಾಡಿದಾರೆ."

"ನಾನೇ ಕೇಳಿ ಬರೆಸ್ಕೊಂಡಿದ್ದು ಕಣೇ. ಹುಟ್ಟಿದ್ಮೇಲೆ ಒಂದ್ಸಲಾನೂ ಕಣ್ಣು ಬಿಡ್ಲಿಲ್ಲ ಅದು. ಒರೆಸಿಬಿಟ್ಯಾ?"

ಅಪ್ಪನ ಕುಂಚ ಹುಡುಕಿ ಮುಂದಿಟ್ಟುಕೊಂಡಿದ್ದೇನೆ. ಆ ಕಣ್ಣು ಎತ್ತ ನೋಡುತ್ತಿತ್ತು ಎಂದು ಅಮ್ಮನನ್ನೇ ಕೇಳಬೇಕು, ಆದರೆ ಯಾವ ಮುಖ ಹೊತ್ತು ಕೇಳಲಿ?