ಡಬ್ಬಿಯ ಮೇಲಿನ ಹೆಸರು

ಮಂಗಳವಾರ, ಮಧ್ಯಾಹ್ನದ ಬಿಡುವು

ಫೋನ್ ಎತ್ತದ ನನ್ನ ಯಜಮಾನರಿಗೆ,

ಕ್ಷೇಮ ಸಮಾಚಾರ ಆಮೇಲೆ. ನಿನ್ನೆ ನಿಮ್ಮ ಗೆಳೆಯ ಮೀಸೆ ನಿಮ್ಮ ಕೈಗಿಟ್ಟ ಮಾತ್ರೆಗಳನ್ನು, ಎಲ್ಲಿ ಬಚ್ಚಿಟ್ಟಿದ್ದರೂ ಸರಿ, ಮೊದಲು ತೆಗೆದು ಅವನಿಗೇ ವಾಪಸ್ಸು ಕೊಡಿ. ಈ ಕಾಗದ ತಂದು ನಿಮ್ಮೆದುರು ತಲೆ ಕೆರೆದುಕೊಳ್ಳುತ್ತ ನಿಂತಿದ್ದಾನಲ್ಲ, ಅವನಿಗೆ. ಅವನ್ನು ತರದೆ ಬಂದರೆ ನಿನ್ನ ಹೆಂಡತಿಯ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ ಎಂದು ಹೆದರಿಸಿ ಕಳಿಸಿದ್ದೇನೆ. ಕೊಟ್ಟಾದ ಮೇಲೆ ಮುಂದೆ ಓದಿ.

ಆಗಲೇ ನುಂಗಿದ್ದರೆ, ಎದೆನೋವಿಗೆಂದು ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತೀರಲ್ಲ, ನಾಲಿಗೆಯ ಕೆಳಗಿಡುವ ಸಣ್ಣ ಮಾತ್ರೆ, ಅದನ್ನು ಮುಟ್ಟಬೇಡಿ. ಎದೆ ಹಿಡಿದುಕೊಂಡರೆ ಮೀಸೆಯ ಜೊತೆ ನೇರ ಆಸ್ಪತ್ರೆಗೆ ಹೋಗಿ, ಏನು ನುಂಗಿದೆ, ಯಾವಾಗ ನುಂಗಿದೆ ಎಂದು ಬಾಯಿ ಬಿಟ್ಟು ಹೇಳಿ. ಎರಡೂ ಮಾತ್ರೆ ಒಟ್ಟಿಗೆ ಸೇರಿದರೆ ರಕ್ತದ ಒತ್ತಡ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು ಬರುತ್ತದೆ. ಇದು ನನ್ನ ಮಾತಲ್ಲ, ಡಾಕ್ಟರಮ್ಮನ ಮಾತು. ನನ್ನ ಮಾತಿಗೆ ನಿಮ್ಮಲ್ಲಿ ಎಷ್ಟು ಬೆಲೆ ಇದೆಯೆಂದು ನನಗೆ ಗೊತ್ತು.

ಇದನ್ನೆಲ್ಲ ಎದುರು ಕೂತು ಹೇಳಬಹುದಿತ್ತು. ಭಾನುವಾರ ನೀವಿರುವ ಕಟ್ಟಡಕ್ಕೆ ಬಂದಿದ್ದೆ. ನಿಮ್ಮ ಕಂಪನಿಯ ಸಾಮಾನು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗ್ರೀಸಿನ ಡ್ರಮ್ಮಿನ ಪಕ್ಕ ನಿಮ್ಮ ಚಾಪೆ, ಉಕ್ಕಿನ ಹಗ್ಗದ ಸುರುಳಿಯ ಮೇಲೆ ನಿಮ್ಮ ಬನಿಯನ್ನು. ಕಾವಲಿನವನು, ಸಾರ್ ಮೇಲೆ ಹತ್ತಿದಾರಮ್ಮ, ಯಾವಾಗ ಇಳೀತಾರೋ ಗೊತ್ತಿಲ್ಲ ಅಂದ. ಹಾಗನ್ನುವಾಗ ಪಾಪ, ನನ್ನ ಮುಖ ನೋಡಲಿಲ್ಲ. ಹೆಂಡತಿ ಬಂದಳೆಂದು ಲಿಫ್ಟಿನ ನೆತ್ತಿ ಹತ್ತಿ ಕುಳಿತ ಗಂಡಸನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ರಾತ್ರಿ ಹೊತ್ತು ರಿಪೇರಿ ಕರೆ ಜಾಸ್ತಿಯಾಗಿದೆ, ಅಲ್ಲೇ ಮಲಗಿದರೆ ಅನುಕೂಲ ಎಂದು ಚಾಪೆ ಸುತ್ತಿಕೊಂಡು ಹೋದಿರಿ. ಊರಿನ ಲಿಫ್ಟುಗಳೆಲ್ಲ ಮಾತಾಡಿಕೊಂಡು ಒಟ್ಟಿಗೆ ಕೆಟ್ಟವೇನು?

ನಮ್ಮ ಮನೆಯ ಡಬ್ಬಿಗಳಿಂದಲೇ ಶುರು ಮಾಡುತ್ತೇನೆ, ಈ ಅನಾಹುತದ ಮೂಲ ಅಲ್ಲೇ ಇದೆ. ನೀವು ಖಾಲಿ ಡಬ್ಬಿ ಎಸೆದ ಪುಣ್ಯಾತ್ಮರಲ್ಲ. ಕಾಫಿಪುಡಿ ಡಬ್ಬಿಯಲ್ಲಿ ವಾಷರು, ಪೌಡರ್ ಡಬ್ಬಿಯಲ್ಲಿ ಫ್ಯೂಸು, ಬಿಸ್ಕತ್ತಿನ ಡಬ್ಬಿಯಲ್ಲಿ ಮೊಳೆ. ಮದುವೆಯಾದ ಹೊಸದರಲ್ಲಿ ನಿಮ್ಮ ಅಕ್ಕನಿಗೆ ಕಾಫಿ ಮಾಡಲು ಹೋಗಿ ಕುದಿಯುವ ನೀರಿಗೆ ವಾಷರು ಸುರಿದವಳು ನಾನು. ಶಾಲೆಯ ಪ್ರಯೋಗಾಲಯದಲ್ಲಿ ಹೆಸರು ಓದದೆ ಯಾವ ಬಾಟಲಿಯನ್ನೂ ಮುಟ್ಟಕೂಡದು ಎಂದು ದಿನವಿಡೀ ಮಕ್ಕಳ ಮೇಲೆ ಕಿರುಚುತ್ತೇನೆ. ಸಂಜೆ ಮನೆಗೆ ಬಂದು, ಹೆಸರನ್ನು ನಂಬಬೇಡ ಕಣೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಔಷಧಿ ಡಬ್ಬಿಗೆ ನೀವು ಕೈ ಹಾಕಲಾರಿರಿ ಎಂದು ನಂಬಿದ್ದೆ. ನನ್ನ ಬುದ್ಧಿ ಅಷ್ಟೇ.

ಮೀಸೆ ಮೊದಲ ಸಲ ಕೊಟ್ಟ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ನನ್ನ ಹಳೆಯ ಕ್ಯಾಲ್ಸಿಯಂ ಡಬ್ಬಿಗೆ ಸುರಿದು, ಬಚ್ಚಲಿನ ಗೂಡಿನಲ್ಲಿ ಷೇವಿಂಗ್ ಸಾಮಾನಿನ ಹಿಂದೆ ಇಟ್ಟಿರಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಗೂಡು ಒರೆಸುವಾಗ ಅದು ಸಿಕ್ಕಿತು. ಹಳೆಯದು ಮೊದಲು ಮುಗಿಯಲಿ, ಹೊಸದು ಆಮೇಲೆ ಎಂದುಕೊಂಡು ಅದನ್ನು ಅಡುಗೆಮನೆಗೆ ತಂದೆ. ಅಡುಗೆಮನೆಯಲ್ಲಿದ್ದ ಹೊಸ ಡಬ್ಬಿಯನ್ನು ಅದರ ಜಾಗದಲ್ಲಿ ಇಟ್ಟೆ. ಎರಡು ಡಬ್ಬಿಯ ಮೇಲೂ ಒಂದೇ ಹೆಸರು. ಮಾತ್ರೆ ಅದೂ ಬಿಳಿ, ಇದೂ ಬಿಳಿ. ಬಚ್ಚಲಿನದು ಸ್ವಲ್ಪ ಚಿಕ್ಕದಿತ್ತು, ನುಂಗಲು ಸುಖ ಎಂದು ಖುಷಿಪಟ್ಟೆ ಬೇರೆ. ನೀವೋ, ಕನ್ನಡಕವಿಲ್ಲದೆ, ದೀಪ ಹಾಕದೆ, ಕಳ್ಳನ ಹಾಗೆ ತಡಕಾಡಿ ಬಾಯಿಗೆ ಹಾಕಿಕೊಳ್ಳುವವರು.

ಅರ್ಥವಾಯಿತೇ? ನೀವು ನುಂಗಿದ್ದು ನನ್ನ ಕ್ಯಾಲ್ಸಿಯಂ. ನಿಮ್ಮ ಗಂಡಸುತನದ ಮಾತ್ರೆಯನ್ನು ದಿನಾ ಊಟವಾದ ಮೇಲೆ ಒಂದು ಲೋಟ ನೀರು ಕುಡಿದು ಶ್ರದ್ಧೆಯಿಂದ ನುಂಗಿದವಳು ನಾನು.

ಈಗ ಬರೆಯುವಾಗ ನಗು ಬರುತ್ತಿದೆ, ಆಗ ಬಂದಿರಲಿಲ್ಲ. ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಮುಖ, ಕಿವಿ ಎಲ್ಲ ಕಾದು ಕೆಂಪಾಗುತ್ತಿತ್ತು. ಮೂಗು ಕಟ್ಟಿ, ತಲೆ ಸಿಡಿದು, ಎದೆಯುರಿ ಬಂದು ಸಾಕುಬೇಕಾಗುತ್ತಿತ್ತು. ಮುಟ್ಟು ನಿಲ್ಲುವ ವಯಸ್ಸು, ಹೀಗೇ ಇರಬೇಕು ಎಂದು ಸುಮ್ಮನಿದ್ದೆ. ನೀವೂ ನೋಡಿದಿರಿ. ಏನಾಯಿತು ಎಂದು ಕೇಳುವ ಬದಲು ಎದ್ದು ಹೋಗಿ ಫ್ಯಾನ್ ಜೋರು ಮಾಡಿದಿರಿ. ನೀವು ಮನೆ ಬಿಟ್ಟ ಮೇಲೂ ನಾನು ನನ್ನ 'ಕ್ಯಾಲ್ಸಿಯಂ' ಬಿಡಲಿಲ್ಲ. ಕಳೆದ ಶುಕ್ರವಾರ ಸಂಜೆಯೇ ಉಂಡು, ನುಂಗಿ, ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ಹಾಗೇ ಕೆಳಗೆ ಕುಸಿದೆ. ನೆಲದ ಮೇಲೆ ಕೂತು ನಿಮ್ಮನ್ನೇ ಕೂಗಿದೆ. ಮನೆಯಲ್ಲಿಲ್ಲದ ಮನುಷ್ಯನನ್ನು ಕೂಗುವ ಅಭ್ಯಾಸ ಹೋಗಲು ಇನ್ನೂ ದಿನ ಬೇಕು.

ಮರುದಿನ ಡಾಕ್ಟರಮ್ಮನ ಹತ್ತಿರ ಹೋದೆ. ಒತ್ತಡ ನೋಡಿ, ದಿನಾ ಏನೇನು ನುಂಗ್ತೀರಿ, ತೋರಿಸಿ ಅಂದರು. ಡಬ್ಬಿ ಕೊಟ್ಟೆ. ಅಂಗೈಗೆ ಸುರಿದುಕೊಂಡು, ಒಂದನ್ನು ಮಗುಚಿ, ಅದರ ಮೇಲೆ ಒತ್ತಿದ್ದ ಗುರುತು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಇದು ನಿಮ್ಮ ಯಜಮಾನ್ರದಾ ಎಂದು ಕೇಳಿದರು. ನಾನು ಜಂಬದಿಂದ, ಅಲ್ಲ ಮೇಡಂ, ನನ್ನದೇ, ಹೆಸರು ಇದೆಯಲ್ಲ ಅಂದೆ. ಹೆಸರು ಡಬ್ಬೀದು, ಮಾತ್ರೆ ಬೇರೇದು ಅಂದರು. ಆಮೇಲೆ ಅದು ಏನೆಂದು ಹೇಳಿದರು. ಬಾಗಿಲ ಹೊರಗೆ ಸರದಿಯಲ್ಲಿ ಕೂತವರಿಗೆಲ್ಲ ಕೇಳಿಸಿತೇನೋ ಎಂದು ನನ್ನ ಮುಖ ಮತ್ತೆ ಕೆಂಪಾಯಿತು, ಈ ಸಲ ಮಾತ್ರೆಯಿಂದಲ್ಲ.

ಮುಂದಿನದು ನಗುವ ಮಾತಲ್ಲ. ಯಜಮಾನರಿಗೆ ಎದೆಯ ತೊಂದರೆ ಏನಾದರೂ ಇದೆಯೇ ಎಂದು ಕೇಳಿದರು. ಹೋದ ವರ್ಷ ಎದೆ ಹಿಡಿದುಕೊಂಡದ್ದನ್ನೂ, ನಾಲಿಗೆ ಕೆಳಗಿಡುವ ಮಾತ್ರೆಯನ್ನೂ ಹೇಳಿದೆ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟುಬಿಟ್ಟರು. ಇದನ್ನು ನುಂಗಿದ ದಿನವೇ ಎದೆ ನೋವು ಬಂದು ಅದನ್ನೂ ಇಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂದು ಹೇಳಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ನಿಮ್ಮ ದೊಣ್ಣೆ ತಪ್ಪಿಸಿದ್ದು ನನ್ನ ಕ್ಯಾಲ್ಸಿಯಂ ಕಣ್ರೀ. ನೀವು ನನ್ನ ಪಕ್ಕದಲ್ಲೇ, ಯಾಕೆಂದು ನನಗೆ ಗೊತ್ತೂ ಆಗದ ಹಾಗೆ ಸತ್ತುಹೋಗುತ್ತಿದ್ದಿರಿ. ಅದನ್ನು ನೆನೆದಾಗಲೆಲ್ಲ ನಿಮ್ಮನ್ನು ತಬ್ಬಿಕೊಳ್ಳಬೇಕೋ ನಾಲ್ಕು ಬಾರಿಸಬೇಕೋ ತಿಳಿಯುವುದಿಲ್ಲ.

ಡಬ್ಬಿ ನನ್ನ ಕೈಗೆ ಬಂತಲ್ಲ, ಗಂಡಾಂತರ ಕಳೆಯಿತು ಎಂದುಕೊಂಡೆ. ಉಳಿದದ್ದು ಇನ್ನೊಂದು ಉರಿ. ನನ್ನ ಕಡೆ ತಿರುಗಿ ಮಲಗದ ಮನುಷ್ಯನಿಗೆ ಈ ಮಾತ್ರೆ ಯಾಕೆ? ಮನೆ ಬಿಟ್ಟು ಹೋದದ್ದು ಯಾರಿಗಾಗಿ? ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಭಾನುವಾರ ನಾನು ಬಂದದ್ದು ಅವಳು ಯಾರು ಎಂದು ಕೇಳಲು. ನೀವು ಮೇಲೆ ಹತ್ತಿದ್ದು ಒಳ್ಳೆಯದೇ ಆಯಿತು ಬಿಡಿ, ಕೈಗೆ ಸಿಕ್ಕಿದ್ದರೆ ಆ ಕಟ್ಟಡದ ಜನಕ್ಕೆಲ್ಲ ಪುಕ್ಕಟೆ ನಾಟಕ.

ಇವತ್ತು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಮೀಸೆ ಕಂಡ. ನಾನು ಮಾತ್ರೆಯ ಸುದ್ದಿ ಎತ್ತಿಯೇ ಇರಲಿಲ್ಲ, ಯಜಮಾನರು ಹೇಗಿದ್ದಾರೆ ಅಂದೆ ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇನೂ ಬಲವಂತ ಮಾಡಿ ಕೊಡಲಿಲ್ಲ ಅತ್ತಿಗೆ ಅಂದ. ಕುತ್ತಿಗೆಪಟ್ಟಿ ಹಿಡಿಯುವುದೊಂದು ಬಾಕಿ, ಎಲ್ಲ ಕಕ್ಕಿಸಿದೆ. ಬೇರೆ ಯಾರೂ ಇಲ್ಲ ಅತ್ತಿಗೆ, ನಿಮಗೋಸ್ಕರಾನೇ ಕೇಳಿ ತಗೊಂಡ, ನಾಲ್ಕು ಸಲ ನುಂಗಿದ್ರೂ ಹಿಡೀಲಿಲ್ಲವಂತೆ, ನಾನು ಮುಗಿದುಹೋದೆ ಕಣೋ ಅಂತ ಅಳ್ತಾನೆ ಅಂದ. ಅದಕ್ಕೇ ನಿನ್ನೆ ಇನ್ನೂ ಜೋರಿನದು ಕೊಟ್ಟಿದೀನಿ, ಬೇಕಾದ್ರೆ ಎರಡು ಹಾಕೊ ಅಂದಿದೀನಿ ಅಂತ ಸೇರಿಸಿದ, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ. ಅಲ್ಲೇ ನಿಂತು ಅವನಿಂದಲೂ ನಿಮಗೆ ಫೋನ್ ಮಾಡಿಸಿದೆ. ನೀವು ಎತ್ತಲಿಲ್ಲ. ಎತ್ತುವುದು ಇಳಿಸುವುದೇ ಕಸುಬಾಗಿರುವವರಿಗೆ ಒಂದು ಫೋನ್ ಎತ್ತಲು ಏನು ಕಷ್ಟವೋ.

ಈಗ ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ, ಕೇಳಿ. ಆ ಮಾತ್ರೆ ಮೋಟಾರಲ್ಲ. ಅದು ರಕ್ತನಾಳವನ್ನು ಸಡಿಲ ಮಾಡಿ ರಕ್ತ ಬರುವ ದಾರಿ ಬಿಡಿಸುತ್ತದೆ, ಅದೂ ಮನಸ್ಸಿನಲ್ಲಿ ಆಸೆ ಹುಟ್ಟಿದರೆ ಮಾತ್ರ. ಗುಂಡಿ ಒತ್ತದೆ ಯಾವ ಲಿಫ್ಟು ಬಂದು ಬಾಗಿಲು ತೆರೆಯುತ್ತದೆ? ನೀವು ಮಾಡಿದ್ದೇನು? ಹೊಟ್ಟೆ ಬಿರಿಯುವಷ್ಟು ಕರಿದದ್ದು ತಿಂದು, ಮಾತ್ರೆ ನುಂಗಿ, ಟೀವಿಯ ಮುಂದೆ ಗಡಿಯಾರ ನೋಡುತ್ತ ಕೂತಿರಿ. ಪಕ್ಕದಲ್ಲೇ ನಾನಿದ್ದೆ. ಒಂದು ಮಾತಿಲ್ಲ, ಕೈ ಹಿಡಿದದ್ದಿಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾದು ಕೂತ ಹುಡುಗನ ಮುಖ. ಅಸಲಿ ಮಾತ್ರೆಯೇ ಆಗಿದ್ದರೂ ಅದು ತಾನೇ ಏನು ಮಾಡೀತು? ಜಿಡ್ಡಿನ ಊಟವಾದ ಮೇಲೆ ಅದು ಹತ್ತುವುದೇ ನಿಧಾನವಂತೆ. ಸುಮಾರು ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕಂತೆ. ದಿನಕ್ಕೆ ಒಂದೇ, ಹಿಡಿಯಲಿಲ್ಲವೆಂದು ಮೇಲೊಂದು ಹಾಕಿಕೊಳ್ಳುವ ಹಾಗೇ ಇಲ್ಲವಂತೆ. ಯಾರಿಗೆ ಎಷ್ಟು, ಕೊಡಬಹುದೋ ಕೊಡಬಾರದೋ ಎನ್ನುವುದನ್ನು ಡಾಕ್ಟರು ಹೇಳಬೇಕೇ ಹೊರತು ಮೀಸೆಯಲ್ಲ.

ಡಾಕ್ಟರಮ್ಮ ಇನ್ನೂ ಒಂದು ಮಾತು ಹೇಳಿದರು. ಅಲ್ಲಿಯ ರಕ್ತನಾಳ ಸಣ್ಣದು, ಹಾಗಾಗಿ ತೊಂದರೆ ಎಷ್ಟೋ ಸಲ ಮೊದಲು ಅಲ್ಲಿ ಕಾಣಿಸುತ್ತದಂತೆ, ಎದೆಯದು ಆಮೇಲೆ. ಎದೆಯ ಡಾಕ್ಟರ ಮುಂದೆ ಎದೆ ತೋರಿಸಿದಿರಿ, ಇದನ್ನು ನುಂಗಿಕೊಂಡಿರಿ. ಒಂದೇ ಕೊಳಾಯಿಯ ರಿಪೇರಿಗೆ ಅರ್ಧ ಮಾತ್ರ ತೋರಿಸಿ ಬಂದ ಹಾಗಾಯಿತು. ನಿಮ್ಮ ಹತ್ತಿರ ಯಾರಾದರೂ ಹಾಗೆ ಅರ್ಧ ಹೇಳಿ ಲಿಫ್ಟು ರಿಪೇರಿ ಮಾಡಿಸಲು ಬಂದರೆ ಎಷ್ಟು ಬೈಯುತ್ತೀರಿ?

ಮುಗಿದುಹೋದೆ ಅಂದಿರಂತೆ. ಕ್ಯಾಲ್ಸಿಯಂ ನುಂಗಿ ಏನೂ ಆಗಲಿಲ್ಲವೆಂದು ಮನೆ ಬಿಟ್ಟ ಗಂಡಸು ಈ ಲೋಕದಲ್ಲಿ ನೀವೊಬ್ಬರೇ. ನಿಮ್ಮನ್ನು ಯಾರು ಪರೀಕ್ಷೆಗೆ ಕೂರಿಸಿದ್ದು? ನಾನು ಕೂರಿಸಿದೆನೇ? ಒಂದು ದಿನ ನನ್ನನ್ನು ಕೇಳಿದ್ದರೆ, ಆಗದಿದ್ದರೆ ಬಿಡಿ, ಇಲ್ಲಿ ಬಂದು ಮಲಗಿ ಅನ್ನುತ್ತಿದ್ದೆ. ನನಗೆ ಬೇಕಾದದ್ದು ಬೆನ್ನಿಗೆ ತಾಗುವ ನಿಮ್ಮ ಉಸಿರು. ಅದನ್ನು ತೆಗೆದುಕೊಂಡು ಹೋಗಿ ಗ್ರೀಸಿನ ಡ್ರಮ್ಮಿನ ಪಕ್ಕ ಹಾಸಿದ್ದೀರಲ್ಲ, ಅದಕ್ಕೆ ನನಗೆ ಕೋಪ.

ಗುರುವಾರ ಸಂಜೆ ಎದೆಯ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದೇನೆ. ನಾನೂ ಒಳಗೆ ಬರುತ್ತೇನೆ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ, ನನಗೆ ಈಗ ನಾಚಿಕೆ ಉಳಿದಿಲ್ಲ. ನಿಮಗೆ ಈ ಮಾತ್ರೆ ಆಗದು ಎಂದರೆ ಆಗದು. ಬೇರೆ ದಾರಿಗಳೂ ಇವೆಯಂತೆ. ಯಾವ ದಾರಿಯೂ ಇಲ್ಲದಿದ್ದರೂ ಮನೆಗೆ ಬರುವ ದಾರಿ ಇದ್ದೇ ಇದೆ. ಘಂಟೆ ಹೊಡೆಯಿತು, ಮಕ್ಕಳು ಬರುತ್ತಿದ್ದಾರೆ, ಮೀಸೆ ಗೇಟಿನ ಹತ್ತಿರ ಕಾಯುತ್ತಿದ್ದಾನೆ.

ಇಂತಿ,
ನಿಮ್ಮ ಪಾಲಿನ ಮಾತ್ರೆಯನ್ನೂ ನುಂಗಿದ
ನಿಮ್ಮ ಹೆಂಡತಿ

ಮರೆತಿದ್ದೆ: ಹೋಗುವಾಗ ನೀವು ಕೊಂಡೊಯ್ದ ಡಬ್ಬಿ ನನ್ನದು. ಮೊಣಕಾಲು ನೋಯುತ್ತಿದೆ, ಅದು ನನಗೆ ಬೇಕು. ಮೀಸೆಯ ಕೈಲಿ ಕಳಿಸಬೇಡಿ, ನೀವೇ ತನ್ನಿ. ಇನ್ನೊಂದು. ನಿಮ್ಮ ವಿಷಯವೆಲ್ಲ ಕೇಳಿದ ಮೇಲೆ ಡಾಕ್ಟರಮ್ಮ, ಮತ್ತೆ ನಿಮಗೆ ಹೇಗಿದೆ ಎಂದು ಕೇಳಿದರು. ಏನೂ ಇಲ್ಲ ಮೇಡಂ ಎಂದು ಮೆಟ್ಟಿಲವರೆಗೆ ಬಂದವಳು ತಿರುಗಿ ಒಳಗೆ ಹೋದೆ. ಒಂದು ವರ್ಷದಿಂದ ನನಗೂ ನಾವು ಕೂಡುವ ಹೊತ್ತಿನಲ್ಲಿ ನೋವು, ಉರಿ. ಹೇಳಿದರೆ ನೀವು ನೊಂದುಕೊಳ್ಳುತ್ತೀರೆಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನೀವು ಅದನ್ನು ಏನೆಂದು ತಿಳಿದುಕೊಂಡಿರೋ. ವಯಸ್ಸಿಗೆ ಸಹಜವಂತೆ, ಒಂದು ಮುಲಾಮು ಬರೆದುಕೊಟ್ಟಿದ್ದಾರೆ. ಬಚ್ಚಲಿನ ಗೂಡಿನಲ್ಲಿ, ನಿಮ್ಮ ಷೇವಿಂಗ್ ಸಾಮಾನಿನ ಮುಂದೆಯೇ ಇಟ್ಟಿದ್ದೇನೆ. ಬೇರೆ ಯಾವ ಡಬ್ಬಿಗೂ ತುಂಬಿಲ್ಲ.