ನಲವತ್ತೊಂದನೆಯ ಪುಟದ ದೈತ್ಯೆ

ಬುಧವಾರ, ಊಟವಾದ ಮೇಲೆ, ನಿದ್ದೆ ಹಿಡಿಯುವ ಮುಂಚೆ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ಕೆಟ್ಟ ಸುದ್ದಿ ಮೊದಲು ಹೇಳಿಬಿಡುತ್ತೇನೆ, ಕೂತುಕೊಂಡು ಕೇಳು. ನಿನ್ನ ದೈತ್ಯೆ ಹೋಗಿಬಿಟ್ಟಳು. ಕಳೆದ ಭಾನುವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಆ ಕಲ್ಲುಬಾಗಿಲ ಮುಂದೆಯೇ. ಗುಹೆಯ ಚಾವಣಿ ಕುಸಿಯಿತು. ಎಲ್ಲರ ಗಂಟುಮೂಟೆಯೂ ಅವಳ ಬೆನ್ನ ಮೇಲೇ ಇತ್ತಲ್ಲ, ಓಡಲಾಗಲಿಲ್ಲ. ನಾವು ಮೂವರೂ ಎದ್ದು ನಿಂತೆವು. ಕಂಡಕ್ಟರ್ ಕಣ್ಣೊರೆಸಿಕೊಂಡ.

ಸುಳ್ಳು. ಕಂಡಕ್ಟರ್ ಒರೆಸಿಕೊಂಡದ್ದು ಮೂಗು, ಅವನಿಗೆ ನೆಗಡಿ. ನಿನ್ನ ದೈತ್ಯೆ ಬಿಸ್ಕತ್ತಿನ ಡಬ್ಬದಲ್ಲಿ ದಾಳಗಳ ಜೊತೆ ಗುಂಡುಕಲ್ಲಿನ ಹಾಗೆ ಮಲಗಿದ್ದಾಳೆ. ಹೀಗೆ ಬರೆಯದಿದ್ದರೆ ಈ ಕಾಗದ ಎರಡನೇ ಪ್ಯಾರಾ ಕಾಣುವ ಮೊದಲೇ ಒಲೆ ಕಾಣುತ್ತಿತ್ತು. ನನ್ನ ಕುಚೇಷ್ಟೆಗೂ ಒಂದು ಕಾನೂನಿದೆಯೆಂದು ನಿನಗೆ ಗೊತ್ತು: ಮುಂದಿಟ್ಟ ಚಹಾ ಆರುವುದರೊಳಗೆ ಒಪ್ಪಿಕೊಳ್ಳಬೇಕು. ನೋಡು, ಲೋಟದಲ್ಲಿ ಇನ್ನೂ ಹಬೆ ಇದೆ.

ನಿನ್ನ ಕಣ್ಣಿಗೆ ಆಪರೇಷನ್ ಆಗಿದೆ, ಹದಿನೈದು ದಿನ ಸಣ್ಣಕ್ಷರ ಓದುವ ಹಾಗಿಲ್ಲ, ಎದುರುಮನೆಯ ಟೀಚರಮ್ಮ ಬಂದು ಓದಿ ಹೇಳುತ್ತಾರೆ ಎಂದು ಕಂಡಕ್ಟರೇ ವರದಿ ಕೊಟ್ಟ. ಫೋನ್ ಮಾಡಿದರೆ ನನ್ನ ಕೆಮ್ಮು ಕೇಳಿಯೇ ಇಟ್ಟುಬಿಡುತ್ತೀಯ. ನಿನ್ನ ಮೂರು ಮಹಡಿ ಹತ್ತೋಣವೆಂದರೆ ಮೊಣಕಾಲು ಮೊಂಡು ಹಿಡಿದಿದೆ. ಅದಕ್ಕೇ ಕಾಗದ.

ಟೀಚರಮ್ಮಾ, ನಮಸ್ಕಾರ. ದೈತ್ಯೆ, ಗುಹೆ ಎಂದರೆ ಇವರಿಗೇನು ತಲೆ ಕೆಟ್ಟಿದೆಯೇ ಎಂದುಕೊಳ್ಳಬೇಡಿ. ನಾವು ಕೆಲವರು ಭಾನುವಾರ ಸಂಜೆ ನನ್ನ ಬೋರ್ಡ್ ಬರೆಯುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿ ಒಂದು ಆಟ ಆಡುತ್ತೇವೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಕಂಡಕ್ಟರ್, ಅಂದರೆ ಬಸ್ಸಿನಿಂದ ರಿಟೈರಾದ ನಮ್ಮ ಗೆಳೆಯ, ಕುಳ್ಳರ ಕುಲದವನು. ನನ್ನ ಭುಜ ತಿಕ್ಕಲು ಬಂದು ಆಟಕ್ಕೂ ಸೇರಿಕೊಂಡ ಫಿಸಿಯೋ ಹುಡುಗಿ ಚೂಪುಕಿವಿಯ ಕಾಡುಜನದವಳು. ನಮ್ಮಕ್ಕ ಎಂಟಡಿಯ ದೈತ್ಯೆ. ನಾನು ಕಥೆ ನಡೆಸುವವನು. ಗುಹೆ, ಹಾವು, ಬಾಗಿಲು ಎಲ್ಲ ನನ್ನ ಖಾತೆ. ಅವರು ಇಂಥದ್ದು ಮಾಡುತ್ತೇವೆ ಅನ್ನುತ್ತಾರೆ, ದಾಳ ಉರುಳುತ್ತದೆ, ಆಯಿತೋ ಇಲ್ಲವೋ ಅಂಕಿ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಆರು ಅಂಕಿ. ಯಾವ ಕುಲದಲ್ಲಿ ಹುಟ್ಟಿದರೆ ಯಾವ ಅಂಕಿ ಎಷ್ಟರವರೆಗೆ ಏರಬಹುದು ಎಂಬ ಪಟ್ಟಿ ಒಂದು ದಪ್ಪ ಪುಸ್ತಕದ ನಲವತ್ತೊಂದನೆಯ ಪುಟದಲ್ಲಿದೆ. ನಮ್ಮೆಲ್ಲರಿಗೂ ಸೇರಿ ಇರುವುದು ಆ ಒಂದೇ ಪ್ರತಿ. ಅಕ್ಕ ತಮ್ಮನ ಮಾತು ನಿಂತದ್ದು ಆ ಪುಟದಿಂದ.

ಅಕ್ಕ, ನೀನು ಎದ್ದುಹೋಗಿ ನಾಲ್ಕು ತಿಂಗಳಾಯಿತು. ಅಷ್ಟು ದಿನದಿಂದಲೂ ನಾವು ಆ ಬಾಗಿಲ ಮುಂದೆಯೇ ಕೂತಿದ್ದೇವೆ. ಕೋಣೆ ಹಾಗೇ ಇದೆ. ಹಲ್ಲಿನ ಡಾಕ್ಟರು ಮಾಡಿಸಿ ಒಯ್ಯದೇ ಬಿಟ್ಟ ಬೋರ್ಡೇ ಈಗಲೂ ನಮ್ಮ ಮೇಜು, ದಾಳ ಆ ದೊಡ್ಡ ಹಲ್ಲಿನ ಮೇಲೆ ನಿಂತರೆ ಕಂಡಕ್ಟರ್ ಈಗಲೂ "ಕಿತ್ತೆ!" ಅನ್ನುತ್ತಾನೆ. ಆದರೆ ನಗುವುದಿಲ್ಲ. ನಿನ್ನ ಕುರ್ಚಿಯ ಮೇಲೆ ಬಣ್ಣದ ಡಬ್ಬ ಇಟ್ಟಿದ್ದೆ. ಫಿಸಿಯೋ ಹುಡುಗಿ ಅದನ್ನೆತ್ತಿ ನೆಲದ ಮೇಲಿಟ್ಟಳು. ಅಂಗಡಿಯ ಕಥೆ ಕೇಳಬೇಡ. ಬೋರ್ಡುಗಳನ್ನು ಈಗ ಮೆಷಿನ್ನು ಉಗುಳುತ್ತದೆ. ಹೋದ ವಾರ ಒಂದು ಗೇಟಿಗೆ "ಇಲ್ಲಿ ನಿಲ್ಲಿಸಬೇಡಿ" ಎಂದು ಬರೆಯಲು ಹೋದೆ. ಕೈ ನಡುಗಿ, ಅಕ್ಷರಗಳೇ ನಿಲ್ಲಲಿಲ್ಲ. ಬಲಗೈಯಲ್ಲಿ ಬಲವಿಲ್ಲ, ಎಡಗೈಗೆ ಎಡವುವುದೇ ಕೆಲಸ. ಸುಸ್ತು ಅಕ್ಕ. ಜೋಕು ಹೇಳುವಾಗಲೂ ಮಧ್ಯದಲ್ಲಿ ಕೂತು ಹೋಗೋಣ ಅನ್ನಿಸುವಂಥ ಸುಸ್ತು.

ಜಗಳವನ್ನು ಮತ್ತೆ ಒಂದು ಸಲ ಹೇಳುತ್ತೇನೆ. ಟೀಚರಮ್ಮನೇ ತೀರ್ಪು ಕೊಡಲಿ.

ಫಿಸಿಯೋ ಹುಡುಗಿ ಅದೇ ಆಟದ ಹೊಸ ಪುಸ್ತಕ ತಂದಳು. ಅದರಲ್ಲಿ ಕುಲಕ್ಕೂ ಅಂಕಿಗೂ ಸಂಬಂಧವೇ ಇಲ್ಲ. ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು. ನಾವೂ ಹಾಗೇ ಮಾಡೋಣ ಅಂದಳು. ನಾನು ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದೆ. ಅದಕ್ಕವಳು, "ಅಂಕಲ್, ದಿನಕ್ಕೆ ಹನ್ನೆರಡು ಮೊಣಕಾಲು ನೋಡ್ತೀನಿ. ಒಂದೇ ಮನುಷ್ಯನ ಎರಡು ಮೊಣಕಾಲು ಒಂದೇ ತರ ಇರಲ್ಲ. ಇನ್ನು ಒಂದಿಡೀ ಕುಲಕ್ಕೆ ಒಂದೇ ಅಂಕಿ ಹೇಗೆ ಕೊಡ್ತೀರಾ?" ಎಂದಳು. ಕಂಡಕ್ಟರ್ ಸಿಡಿದ. "ಎಲ್ಲರೂ ಎಲ್ಲಾ ಆಗೋದಾದ್ರೆ ನಾನ್ಯಾಕೆ ಕುಳ್ಳ ಆಗ್ಬೇಕಿತ್ತಮ್ಮಾ? ಹತ್ತೊಂಬತ್ತು ವರ್ಷ ಒಂದು ರಾಜಕುಮಾರಿನೂ ನನ್ನ ಕಡೆ ತಿರುಗಿ ನೋಡಿಲ್ಲ, ವರ್ಚಸ್ಸು ಕಮ್ಮಿ ಅಂತ. ಸಹಿಸ್ಕೊಂಡಿದೀನಿ. ಈಗ ಅದೆಲ್ಲಾ ಸುಮ್ಮನೆನಾ?" ಎಂದ. ನೀನು ಮಾತ್ರ ಕನ್ನಡಕ ಒರೆಸುತ್ತಾ ಕೂತಿದ್ದೆ. ಆಗಲೇ ನಾನು ಹೆದರಬೇಕಿತ್ತು.

ಮುಂದಿನ ಭಾನುವಾರ ಆಟದಲ್ಲಿ ಆ ಕಲ್ಲುಬಾಗಿಲು ಬಂತು. ಅದರ ಮೇಲೆ ಬರಹ. ಕುಳ್ಳನಿಗೆ ಹಾವು ಕಚ್ಚಿ ಎಚ್ಚರವಿಲ್ಲ, ಚೂಪುಕಿವಿಯವಳು ಗುಂಡಿಯ ತಳದಲ್ಲಿ. ಉಳಿದವಳು ನೀನೊಬ್ಬಳೇ. ನೀನು ನಿಧಾನವಾಗಿ, "ನನ್ನವಳು ಓದ್ತಾಳೆ" ಅಂದೆ.

ಆಗಲ್ಲ ಅಂದೆ ನಾನು.

"ಇಷ್ಟು ವರ್ಷ ಇವರ ಗಂಟು ಹೊತ್ಕೊಂಡು ಹಿಂದೆ ನಿಂತಿದಾಳೆ. ಇವರು ಓದೋವಾಗೆಲ್ಲಾ ಹೆಗಲ ಮೇಲಿಂದ ನೋಡಿದಾಳೆ. ಎಂಟಡಿ ಇದಾಳೆ, ಎಲ್ಲರ ತಲೆ ಮೇಲಿಂದಾನೂ ಕಾಣುತ್ತೆ. ಕಲಿತಿರಲ್ವಾ?" ಅಂದೆ ನೀನು.

ನಾನು ಪುಸ್ತಕ ತೆರೆದೆ. ನಲವತ್ತೊಂದನೆಯ ಪುಟ, ದೈತ್ಯರ ಸಾಲು, ಬುದ್ಧಿಯ ಕೆಳಗೆ ಎಂಟು. ಅಡಿಟಿಪ್ಪಣಿ: ಒಂಬತ್ತಕ್ಕಿಂತ ಕಡಿಮೆಯಿದ್ದವರಿಗೆ ಅಕ್ಷರ ಬರುವುದಿಲ್ಲ. ಬೆರಳಿಟ್ಟು ತೋರಿಸಿದೆ. ಪುಸ್ತಕ ಅಂದ್ರೆ ಪುಸ್ತಕ, ಇವತ್ತು ನಿನಗೆ ತಿದ್ದಿದ್ರೆ ನಾಳೆ ಹಾವಿಗೂ ತಿದ್ದಬೇಕು ಅಂದೆ. ಜೋಕು ಅಂದುಕೊಂಡೇ ಹೇಳಿದ್ದು. ನೀನು ಕನ್ನಡಕವನ್ನು ಡಬ್ಬಿಯಲ್ಲಿಟ್ಟು ಟಪ್ಪೆಂದು ಮುಚ್ಚಿ, "ಪುಸ್ತಕದಲ್ಲಿ ಇದ್ರೆ ಆಯ್ತು ಬಿಡು" ಅಂದು ಚೀಲ ತೆಗೆದುಕೊಂಡು ಹೋದೆ. ಬೈದಿದ್ದರೆ ಹಿಂದೆಯೇ ಬರುತ್ತಿದ್ದೆ.

ನೀನು ಹೋದ ಮೇಲೆ ನಾನು ಕಾನೂನು ತಿದ್ದಲು ಕೂತೆ. ನಗಬೇಡ, ಒಂದು ಇನ್ನೂರು ಪುಟದ ನೋಟ್‌ಬುಕ್ಕು ಮುಗಿಯಿತು. ಮೊದಲು, ಯಾರು ಎಲ್ಲಿ ಬೇಕಾದರೂ ಅಂಕಿ ಹಾಕಿಕೊಳ್ಳಲಿ ಎಂದೆ. ಕಂಡಕ್ಟರ್ ಆರೂ ಕಡೆ ಹದಿನೆಂಟು ಹಾಕಿಕೊಂಡು ಬಂದ, ಅದೇ ಪೂರ್ತಿ ಅಂಕಿ. ಇದು ಕುಳ್ಳನೋ ದೇವರೋ ಎಂದು ಹುಡುಗಿ ಕೇಳಿದಳು. ಆಮೇಲೆ, ಕಡಿತವೆಲ್ಲ ತೆಗೆದು ಹೆಚ್ಚುವರಿಯನ್ನು ಮಾತ್ರ ಇಟ್ಟೆ: ದೈತ್ಯರಿಗೆ ಬಲ ಹೆಚ್ಚು, ಕಾಡುಜನಕ್ಕೆ ಚುರುಕು ಹೆಚ್ಚು. ನೋಡಿದರೆ ಹಳೇ ಪಟ್ಟಿಯೇ, ಮುಖ ತೊಳೆದುಕೊಂಡು ಬಂದಿತ್ತು. ಬಲ ಹೆಚ್ಚು ಅಂತ ಹೊಗಳಿದ ಮೇಲೆ ಹೊರೆ ಹೊರಿಸುವುದು ಸುಲಭ ಅಲ್ವಾ ಅಂಕಲ್ ಅಂದಳು ಹುಡುಗಿ. ನನಗೆ ನೀನು ಕಣ್ಣೆದುರು ಬಂದೆ. ಹೋಟೆಲ್ಲಿನ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ, ಹೆಗಲಿಗೊಂದು ಒದ್ದೆ ಹಾಸಿಗೆಬಟ್ಟೆಯ ಗಂಟು. ನಿನಗೇನಕ್ಕ ಆನೆ ಶಕ್ತಿ ಎಂದು ನಾವೆಲ್ಲ ಹೊಗಳುತ್ತಿದ್ದೆವು, ಯಾರೂ ಒಂದು ಗಂಟು ಇಳಿಸಿಕೊಳ್ಳಲಿಲ್ಲ.

ಕೊನೆಗೆ ನಿಂತದ್ದು ಇದು. ಕುಲ ಎಂಬುದು ಮೈಗೆ ಮಾತ್ರ: ಎತ್ತರ, ಕಿವಿ, ಕತ್ತಲಲ್ಲಿ ಕಣ್ಣು ಕಾಣುತ್ತದೋ ಇಲ್ಲವೋ. ಅಷ್ಟೇ. ಅಂಕಿ ಬರುವುದು ಪಾತ್ರ ಇದುವರೆಗೆ ಏನು ಮಾಡಿಕೊಂಡು ಬದುಕಿತು ಎಂಬುದರಿಂದ. ಅದನ್ನು ಆಡುವವರೇ ಹೇಳಬೇಕು, ಅವರು ಹೇಳಿದ ಅಂಕಿಗೆ ಎರಡು ಹೆಚ್ಚು. ನಿನ್ನ ಕುಳ್ಳ ಹೊಟ್ಟೆಪಾಡಿಗೆ ಏನು ಮಾಡ್ತಿದ್ದ ಎಂದು ಕಂಡಕ್ಟರನ್ನು ಕೇಳಿದೆ. ಅವನು ನಾಚಿಕೊಂಡು, "ಅವನೂ ಕಂಡಕ್ಟರೇ ಇದ್ದ ಅನ್ಸುತ್ತಪ್ಪಾ, ಗಣಿ ಬಂಡೀಲಿ. ವರ್ಚಸ್ಸಿಗೆ ಎರಡು ಹಾಕು. ಒಳಗೆ ಹೋಗಿ, ಒಳಗೆ ಹೋಗಿ ಅಂತ ಕೂಗಿ ಕೂಗಿ ಬಂದಿರೋದು" ಎಂದ. ಹತ್ತೊಂಬತ್ತು ವರ್ಷದಲ್ಲಿ ಅವನು ತನ್ನ ಕುಳ್ಳನ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಹಳೇ ಪಟ್ಟಿ ಅವನ ಬಾಯಿ ಮುಚ್ಚಿಸಿತ್ತು ಎಂದು ಆಗ ಹೊಳೆಯಿತು.

ನಿನ್ನವಳ ಸಾಲು ಖಾಲಿ ಬಿಟ್ಟಿದ್ದೇನೆ. ಅದನ್ನು ನಾನು ತುಂಬುವ ಹಾಗಿಲ್ಲ, ನನಗೆ ಆ ಹಕ್ಕಿಲ್ಲ. ಭಾನುವಾರ ನಾಲ್ಕಕ್ಕೆ ಬಂದು ನೀನೇ ತುಂಬು. ನಿನ್ನ ಮಹಡಿ ಇಳಿಸುವುದಕ್ಕೆ ಕಂಡಕ್ಟರ್ ಬರುತ್ತಾನೆ; "ಮೆಟ್ಟಿಲು ಬಂತು, ಮೆಟ್ಟಿಲು ಬಂತು" ಎಂದು ಕೂಗಿಕೊಂಡೇ ಇಳಿಸುತ್ತಾನೆ. ನೀನು ಬರದಿದ್ದರೆ ಆಟ ನಿಲ್ಲಿಸುತ್ತೇವೆ. ಮೂವರೂ ಮಾತಾಡಿಕೊಂಡಾಗಿದೆ, ಇದರಲ್ಲಿ ತಮಾಷೆ ಇಲ್ಲ. ಆ ಬಾಗಿಲ ಮೇಲೆ ಏನು ಬರೆದಿದೆ ಎಂದು ಇನ್ನೂ ಯಾರಿಗೂ ಹೇಳಿಲ್ಲ. ಬೇರೆಯವರು ಓದಿದರೆ ಅದು ತೆರೆಯುವುದಿಲ್ಲ.

ಕಣ್ಣಿಗೆ ಹನಿ ಹಾಕಿಸಿಕೊಳ್ಳುವುದು ಮರೆಯಬೇಡ. ತಲೆ ಬಗ್ಗಿಸಿ ಏನೂ ಎತ್ತಬೇಡ, ನೀರಿನ ಕೊಡವನ್ನೂ.

ನೀನು ಸೊಂಟದ ಮೇಲೆ ಹೊತ್ತು ತಿರುಗಿದ ಮೊದಲನೆಯ ಗಂಟು,
ತಮ್ಮ

ಮರೆತ ಮಾತು: ಟೀಚರಮ್ಮಾ, ಇಲ್ಲಿಂದ ಮುಂದೆ ಓದಬೇಡಿ. ಕಾಗದವನ್ನು ಅಕ್ಕನ ಕೈಗೆ ಕೊಡಿ. ಮುಂದಿನದನ್ನು ಬೋರ್ಡಿನ ಬ್ರಷ್ಷಿನಲ್ಲಿ, ಬೆರಳುದ್ದದ ಅಕ್ಷರದಲ್ಲಿ ಬರೆದಿದ್ದೇನೆ. ಕನ್ನಡಕವಿಲ್ಲದೆಯೂ ಕಾಣುತ್ತದೆ. ಗೆರೆ ನಡುಗಿದ್ದರೆ ಅದು ಕೈಯ ತಪ್ಪು, ಕಣ್ಣಿನದಲ್ಲ.

ಅಕ್ಕ, ಒಂದೇ ಒಂದು ಚಹಾ ಆರಿಹೋಗಿದೆ.

ಆಟ ಶುರುಮಾಡಿದ ವರ್ಷ. ನಾನು ಶಾಲೆಯೊಂದಕ್ಕೆ ಬರೆದ ಬೋರ್ಡಿನಲ್ಲಿ ನೀನು ರಸ್ತೆಯಾಚೆ ನಿಂತೇ ತಪ್ಪು ಹಿಡಿದು, ಎಲ್ಲರೆದುರು ಓದಿ ನಗಿಸಿದ್ದೆ. ಏಳನೇ ಕ್ಲಾಸಿಗೆ ಬಿಟ್ಟವಳು, ನನ್ನ ಯಾವ ಬೋರ್ಡಿನ ತಪ್ಪನ್ನೂ ಬಿಟ್ಟವಳಲ್ಲ. ಮುಂದಿನ ಭಾನುವಾರ ಬಂದು, ನನ್ನ ದೈತ್ಯೆ ಪಂಡಿತೆ ಆಗ್ತಾಳೆ, ಎಲ್ಲಾ ಲಿಪಿನೂ ಓದ್ತಾಳೆ ಅಂದೆ. ನೀನು ಕೈತೊಳೆಯಲು ಹೋದಾಗ ನಾನು ಮೂರು ಕೂದಲಿನ ಬ್ರಷ್ ತೆಗೆದುಕೊಂಡು, ನಲವತ್ತೊಂದನೆಯ ಪುಟದಲ್ಲಿ ದೈತ್ಯರ ಬುದ್ಧಿಯ ಅಂಕಿಯ ಮೇಲೆ ಒಂದು ಚುಕ್ಕೆ ಬಿಳಿ ಎನಾಮಲ್ ಹಾಕಿದೆ. ಅಲ್ಲಿ ಅಚ್ಚಾಗಿದ್ದದ್ದು ಹದಿನೆಂಟು. ಎಲ್ಲ ಕುಲಕ್ಕೂ ಇದ್ದಷ್ಟೇ. ಎಂಟರ ಎಡಕ್ಕಿದ್ದ ಒಂದನ್ನು ಮುಚ್ಚಿದೆ, ಎಂಟು ಉಳಿಯಿತು.

ಚಹಾ ಕುಡಿಯುವಾಗ ಹೇಳಿ ನಗಿಸುವುದು ಅಂತಲೇ ಇತ್ತು. ನೀನು ಪುಟ ನೋಡಿದೆ. "ಪುಸ್ತಕದಲ್ಲಿ ಇದ್ರೆ ಆಯ್ತು ಬಿಡು" ಅಂದೆ. ಇಷ್ಟು ಸಲೀಸಾಗಿ. ಶಾಲೆ ಸಾಕು, ತಮ್ಮನ್ನ ನೋಡ್ಕೋ ಎಂದು ಅಪ್ಪ ಹೇಳಿದಾಗಲೂ ನೀನು ಹೀಗೇ ಆಯ್ತು ಬಿಡು ಅಂದಿದ್ದೆ ಎಂದು ಅಮ್ಮ ಹೇಳುತ್ತಿದ್ದಳು. ನನಗೆ ನಗು ಬರಲಿಲ್ಲ, ಒಪ್ಪಿಕೊಳ್ಳಲು ಬಾಯಿಯೂ ಬರಲಿಲ್ಲ. ಆ ವಾರ ಹೋಯಿತು, ಆ ವರ್ಷ ಹೋಯಿತು.

ಪುಸ್ತಕಕ್ಕೆ ನಿನ್ನ ಮೇಲೆ ಯಾವ ಹಗೆಯೂ ಇರಲಿಲ್ಲ ಅಕ್ಕ. ತಿದ್ದಬಾರದು ಎಂದು ಅವತ್ತು ವಾದ ಮಾಡಿದವನೇ ಮೊದಲು ತಿದ್ದಿದವನು.

ನಿನ್ನೆ ಬ್ಲೇಡಿನ ಮೂಲೆಯಿಂದ ಕೆರೆದೆ. ಕೈ ನಡುಗಿ ಪುಟ ಸ್ವಲ್ಪ ಹರಿಯಿತು. ಕೆಳಗೆ ಆ ಒಂದು ಹಾಗೇ ಇತ್ತು, ಕಪ್ಪಗೆ, ನೆಟ್ಟಗೆ. ನೀನು ಬಂದರೂ ಬಿಟ್ಟರೂ, ಭಾನುವಾರ ಕಂಡಕ್ಟರಿಗೂ ಹುಡುಗಿಗೂ ಪುಟ ತೋರಿಸುತ್ತೇನೆ. ಕೆರೆದ ಬಿಳಿ ಚೂರು ಈ ಕಾಗದದ ಮಡಿಕೆಯಲ್ಲಿದೆ, ಅರ್ಧ ಸಾಸಿವೆಯಷ್ಟು. ಬಿಚ್ಚುವಾಗ ಉದುರಿದ್ದರೆ ನೆಲದ ಮೇಲೆ ಹುಡುಕಿಸು. ಇಲ್ಲದಿದ್ದರೆ ಇದನ್ನೂ ನನ್ನ ಜೋಕು ಅಂದುಕೊಳ್ಳುತ್ತೀಯ.