ಎಂಟರ್ ಒತ್ತುವವರೆಗೆ

ಮಾರ್ಚ್ 28, 1989. ಮಂಗಳವಾರ

ಇವತ್ತೂ ಅದೇ ರಾಗ. ಕ್ಲಿಫರ್ಡ್‌ಗೆ ಪರದೆಯ ಮೇಲೆ ಬಣ್ಣ ಬೇಕಂತೆ. ಕಂಪನಿಯ ದೊಡ್ಡವರು ಬಂದಾಗ ಬರೀ ಹಸಿರು ಅಕ್ಷರ ಬೋಳುಬೋಳಾಗಿ ಕಾಣುತ್ತದಂತೆ. ಮೀನುಮರಿ ಬೆಳೆಸುವ ಈ ಹ್ಯಾಚರಿಗೆ ಮ್ಯಾನೇಜರ್ ಆಗಿ ಬಂದು ಎರಡು ವರ್ಷ, ಇನ್ನೂ ಟ್ರೌಟ್ ಮರಿಗೂ ಗೊದಮೊಟ್ಟೆಗೂ ವ್ಯತ್ಯಾಸ ತಿಳಿಯದು. ಬಣ್ಣ ಬೇಕು!

ನನ್ನ ಪ್ರೋಗ್ರಾಂ ಕಾಯುವುದು ಎಂಟು ತೊಟ್ಟಿಗಳ ಉಸಿರನ್ನು. ಐದೈದು ಸೆಕೆಂಡಿಗೆ ನೀರಿನ ಆಕ್ಸಿಜನ್ ಓದುತ್ತದೆ. ಮಿತಿಗಿಂತ ಇಳಿದರೆ ಸಿಲಿಂಡರಿನ ವಾಲ್ವ್ ತೆರೆಯುತ್ತದೆ, ಗಂಟೆ ಬಾರಿಸುತ್ತದೆ. ನಿಮಿಷಕ್ಕೊಂದು ಸಾಲು ಪ್ರಿಂಟ್ ಮಾಡುತ್ತದೆ. ಇದಕ್ಕೆ ಬಣ್ಣ ಯಾತಕ್ಕೆ?

ಹನ್ನೆರಡಕ್ಕೆ ರೈನೊ ಕಂಗಸ್ ಬಂದ. ಮೂವತ್ತೊಂದು ವರ್ಷದಿಂದ ತೊಟ್ಟಿ ನೋಡಿಕೊಳ್ಳುವವನು. ಕೈಯಲ್ಲಿ ಹೆಂಡತಿ ಲೆಂಪಿ ಮಾಡಿದ ಪಾಸ್ಟಿ, ಮಾಂಸ ತುಂಬಿ ಬೇಯಿಸಿದ ಕಡುಬು.

"ಏನಮ್ಮ ವರ್ನಾ, ಏನಂತದೆ ನಿನ್ನ ಪೆಟ್ಟಿಗೆ?"

"ನಿಮಗಿಂತ ಚೆನ್ನಾಗಿ ಕೆಲಸ ಮಾಡ್ತಿದೆ."

"ಮಾಡ್ಲಿ ಬಿಡು, ಪಾಪ. ಪಾಸ್ಟಿ ತಿನ್ನೋ ಯೋಗ ಇಲ್ವಲ್ಲ ಅದಕ್ಕೆ."

ಅರ್ಧ ಮುರಿದು ಕೊಟ್ಟ. ತಿಂದೆ. ಬಣ್ಣದ ಕೆಲಸ ನಾಳೆಗೆ.

ಮಾರ್ಚ್ 29. ಸಂಜೆ

ಸತ್ತವು. ಐದನೇ ತೊಟ್ಟಿ, ಆರನೇ ತೊಟ್ಟಿ. ನಲವತ್ತು ಸಾವಿರ ಮರಿ. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ರೈನೊ ಬಲೆಯಲ್ಲಿ ಎತ್ತಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದ, ಯಾರನ್ನೂ ಹತ್ತಿರ ಬಿಡಲಿಲ್ಲ.

ಹೊಳೆಯಿಂದ ನೀರು ಬರುವ ಜಾಲರಿಗೆ ಮಂಜುಗಡ್ಡೆ ಕಟ್ಟಿಕೊಂಡು ಆ ಎರಡು ತೊಟ್ಟಿಗೆ ನೀರು ನಿಂತಿದೆ. ಅವನು ಗಡ್ಡೆ ಒಡೆಯಲು ಹೋಗಿದ್ದ. ಹತ್ತಿರ ಹತ್ತಿರ ಒಂದು ಗಂಟೆ. ಅಷ್ಟೂ ಹೊತ್ತು ವಾಲ್ವ್ ತೆರೆದಿಲ್ಲ, ಗಂಟೆ ಬಾರಿಸಿಲ್ಲ. ಪ್ರಿಂಟರ್ ಕಾಗದದಲ್ಲಿ 10:42ರ ಸಾಲು, ಅದರ ಕೆಳಗೇ 11:31ರ ಸಾಲು. ನಡುವೆ ಏನೂ ಇಲ್ಲ.

"ಮಷಿನ್ ಆಫ್ ಮಾಡಿ ಹೋಗಿದ್ರೇನ್ರೀ?" ಕ್ಲಿಫರ್ಡ್ ಕಿರುಚಿದ.

"ಇಲ್ಲಪ್ಪ. ಚಳಿ ಜಾಸ್ತಿ ಅಂತ ಮಿತಿ ಏರಿಸ್ತಾ ಇದ್ದೆ. ಅಷ್ಟರಲ್ಲಿ ಜಾಲರಿ ಕಟ್ಕೊಂಡಿದೆ ಅಂತ ಕೂಗಿದ್ರು. ಓಡಿದೆ."

"ವಾಪಸ್ ಬಂದ್ಮೇಲೆ?"

"ಬಂದು ನೋಡಿದ್ರೆ ಮೀನೆಲ್ಲ… ಏನೇನೋ ಒತ್ತಿದೆ. ನೆನಪಿಲ್ಲ."

"ನೆನಪಿಲ್ವಂತೆ!" ನನ್ನ ಕಡೆ ತಿರುಗಿದ. "ಪ್ರೋಗ್ರಾಂ ತಾನಾಗೇ ನಿಲ್ಲುತ್ತಾ?"

"ಎರಡು ವರ್ಷದಲ್ಲಿ ಒಂದ್ಸಲಾನೂ ನಿಂತಿಲ್ಲ" ಅಂದೆ. ನಿಜ. ಎದೆ ಉಬ್ಬಿಸಿಕೊಂಡೇ ಅಂದೆ.

ಏಪ್ರಿಲ್ 3

ರೈನೊ ಮೇಲೆ ಮೈಯೆಲ್ಲ ಉರಿಯುತ್ತಿದೆ. ಆರಿಸಿದೆ ಅಂತ ಒಪ್ಪಿಕೊಂಡರೆ ಏನು ಹೋಗುತ್ತದೆ? ಇಲ್ಲ ಇಲ್ಲ ಅನ್ನುತ್ತ ಕೂತರೆ ಜನ ನನ್ನ ಪ್ರೋಗ್ರಾಂ ಕಡೆ ನೋಡುತ್ತಾರೆ. ಈಗಾಗಲೇ ನೋಡುತ್ತಿದ್ದಾರೆ. ಕಾಫಿ ಕುಡಿಯುವಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ.

ವಿಚಾರಣೆ ಇಪ್ಪತ್ತನೇ ತಾರೀಕಿಗೆ. ರೈನೊನನ್ನು ಕೆಲಸದಿಂದ ತೆಗೆಯುವುದು ಖಂಡಿತ ಅನ್ನುತ್ತಾನೆ ಕ್ಲಿಫರ್ಡ್.

ಏಪ್ರಿಲ್ 7

ರೈನೊ ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ.

"ಒಂದು ಮಾತು ಕೇಳ್ತೀನಿ, ನಗಬೇಡ. ಮನುಷ್ಯ ತಾನು ಮಾಡಿದ್ದನ್ನ ಪೂರ್ತಿ ಮರೆತುಬಿಡೋಕೆ ಆಗುತ್ತಾ?"

"ಸ್ವಿಚ್ ಆರಿಸಿ ಮರೆಯೋರು ಬೇಕಾದಷ್ಟು ಜನ ಇದಾರೆ."

"ಅಲ್ಲ ಕಣಮ್ಮ. ನಮ್ಮಪ್ಪಂಗೂ ಅರವತ್ತಕ್ಕೇ ಮರೆವು ಶುರುವಾಯ್ತು. ಹಿತ್ತಲ ಸೌನಾದಲ್ಲಿ ಉಗಿಸ್ನಾನ ಮುಗಿಸಿ ಎದ್ದು ಮನೆಗೆ ಬರೋ ದಾರಿ ಮರೀತಿದ್ದ. ಇಪ್ಪತ್ತು ಹೆಜ್ಜೆ ದಾರಿ."

"ಡಾಕ್ಟರಿಗೆ ತೋರಿಸಿ" ಅಂದೆ. ತಲೆ ಎತ್ತದೆ ಅಂದೆ. ಟೈಪ್ ಮಾಡುತ್ತಿದ್ದೆ.

ಏಪ್ರಿಲ್ 14. ಶುಕ್ರವಾರ

ನಾನು ಮೂರ್ಖಳು. ಮೂರ್ಖಳು. ಮೂರ್ಖಳು.

ವಿಚಾರಣೆಗೆ ಪ್ರಿಂಟರ್ ಕಾಗದದ ನಕಲು ಬೇಕೆಂದು ಕ್ಲಿಫರ್ಡ್ ಹೇಳಿದ. ಸುರುಳಿ ಬಿಚ್ಚಿದೆ. ಪ್ರೋಗ್ರಾಂ ಶುರುವಾದಾಗಲೆಲ್ಲ ಮೊದಲು ಒಂದು ತಲೆಬರಹ ಪ್ರಿಂಟ್ ಮಾಡುತ್ತದೆ. ತಾರೀಕು, ತೊಟ್ಟಿಗಳ ಹೆಸರು. ಆರಿಸಿ ಹೊತ್ತಿಸಿದ್ದರೆ 11:31ರ ಮೇಲೆ ಅದು ಇರಬೇಕಿತ್ತು. ಇಲ್ಲ. ಅಂದರೆ ಯಾರೂ ಆರಿಸಿಲ್ಲ.

ಹೋಗಿ ಕೂತೆ. ಮಿತಿ ಬದಲಿಸಲು ಎಸ್ ಒತ್ತಿದೆ. "ಹೊಸ ಮಿತಿ?" ಅಂತು. ಏಳು ಒತ್ತಿದೆ. ಎಂಟರ್ ಒತ್ತಲಿಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ.

ಪರದೆಯ ಮೂಲೆಯ ಗಡಿಯಾರ ನಿಂತುಹೋಯಿತು.

ಎದ್ದು ಹೋಗಿ ಆಕ್ಸಿಜನ್ ಅಳೆಯುವ ಕಡ್ಡಿಯನ್ನು ನೀರಿನಿಂದ ತೆಗೆದು ಆಕ್ಸಿಜನ್ ಇಲ್ಲದ ಸತ್ತ ನೀರಿನ ಬಾಟಲಿಗೆ ಅದ್ದಿದೆ. ಹತ್ತು ನಿಮಿಷ. ಗಂಟೆ ಇಲ್ಲ. ವಾಲ್ವ್ ಇಲ್ಲ. ಎಂಟರ್ ಒತ್ತಿದ ತಕ್ಷಣ ಗಡಿಯಾರ ಹಾರಿತು, ಗಂಟೆ ಬಡಿದುಕೊಂಡಿತು.

ನಾನೇ ಬರೆದ ಒಂದು ಸಾಲು. ಪ್ರಶ್ನೆ ಕೇಳುತ್ತದೆ, ಉತ್ತರ ಬರುವವರೆಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ಮೀನು ನೋಡುವುದಿಲ್ಲ, ನೀರು ನೋಡುವುದಿಲ್ಲ. ರೈನೊ ಏಳು ಒತ್ತಿ ಓಡಿದ್ದಾನೆ. ಅವನು ಬರುವವರೆಗೂ ಅದು ನಿಂತೇ ಇತ್ತು. ಬಂದು ಗಾಬರಿಯಲ್ಲಿ ಒತ್ತಿದ್ದರಲ್ಲಿ ಒಂದು ಎಂಟರ್.

ನೂರು ಸಲ ಪರೀಕ್ಷಿಸಿದ್ದೆ. ನೂರು ಸಲವೂ ಪ್ರಶ್ನೆ ಬರುವ ಮೊದಲೇ ಉತ್ತರ ನನ್ನ ಬೆರಳಲ್ಲಿತ್ತು. ಬರೆದವಳಿಗೆ ಯಾರು ಜಾಲರಿಯಿಂದ ಕೂಗುತ್ತಾರೆ?

ಸಂಜೆ ನಾಲ್ಕಕ್ಕೆ ಕ್ಲಿಫರ್ಡ್‌ಗೆ ಹೇಳಿದೆ. ಮುಖ ಹುಳ್ಳಗೆ ಮಾಡಿಕೊಂಡ.

"ಮೊದಲು ಸರಿ ಮಾಡು. ಬರೀ ತಪ್ಪನ್ನ ಹಿಡ್ಕೊಂಡು ಯಾರ ಹತ್ರಾನೂ ಹೋಗ್ಬೇಡ."

ಒಪ್ಪಿದೆ. ಅವನಿಗೆ ಹೆದರಿ ಅಲ್ಲ. ನಮ್ಮ ಕಸುಬಿನವರ ಚಾಳಿಯೇ ಹಾಗೆ: ತಪ್ಪು ಹೇಳಲು ಹೋಗುವಾಗ ಮದ್ದೂ ಕೈಯಲ್ಲಿರಬೇಕು. ಬರಿಗೈಯಲ್ಲಿ ಹೋದರೆ ಮರ್ಯಾದೆ ಇಲ್ಲ.

ಏಪ್ರಿಲ್ 19. ಬುಧವಾರ

ಆಯಿತು. ಈಗ ಅದು ಯಾರಿಗಾಗಿಯೂ ನಿಲ್ಲುವುದಿಲ್ಲ. ಪ್ರತಿ ಸುತ್ತಿನಲ್ಲೂ ಕೀಬೋರ್ಡ್ ಕಡೆ ಒಂದು ಸಲ ಇಣುಕುತ್ತದೆ. ಏನಾದರೂ ಒತ್ತಿದ್ದಾರಾ? ಇದ್ದರೆ ಆ ಒಂದು ಅಕ್ಷರ ಎತ್ತಿ ಪಕ್ಕಕ್ಕಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ಇಲ್ಲವೇ, ಸುಮ್ಮನೆ ಮುಂದಕ್ಕೆ. ಏಳು ಒತ್ತಿ ಊರು ಬಿಟ್ಟು ಹೋದರೂ ತೊಟ್ಟಿಗಳನ್ನು ನೋಡುತ್ತಲೇ ಇರುತ್ತದೆ.

ಹನ್ನೆರಡು ಸಾಲು. ಎರಡು ವರ್ಷದ ಹಿಂದೆ ಬರೆಯಬೇಕಾಗಿದ್ದ ಹನ್ನೆರಡು ಸಾಲು! ಶನಿವಾರವೇ ಓಡಿತು. ಆಮೇಲೆ ಅಂದಗಾಣಿಸುತ್ತ ಕೂತೆ.

ಕ್ಲಿಫರ್ಡ್ ನೋಡಿ ತಲೆಯಾಡಿಸಿದ. "ಭೇಷ್. ಇವತ್ತೇ ಹಾಕಿಬಿಡು. ನಾಳೆ ಮಾತ್ರ ಬಾಯಿ ಬಿಡ್ಬೇಡ."

"ಅಂದ್ರೆ?"

"ವರದಿ ಹೋಗಿಯಾಗಿದೆ. ರೈನೊನೇ ಹೇಳ್ತಿದಾನೆ, ನಾನೇ ಆರಿಸಿರಬೇಕು, ಮರೆತಿದೀನಿ ಅಂತ. ನಿಂಗೇನಮ್ಮ ಕಷ್ಟ?"

ಕೈಯಲ್ಲಿದ್ದ ಕಾಫಿ ಲೋಟ ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಹಳೆಯ ಪ್ರೋಗ್ರಾಂನ ಡಿಸ್ಕ್ ಚೀಲಕ್ಕೆ ಹಾಕಿಕೊಂಡೆ.

ಏಪ್ರಿಲ್ 20. ಗುರುವಾರ

ಕಂಪನಿಯಿಂದ ಮೂವರು. ಅವರು ಕಾಗದ ಬಿಚ್ಚುವ ಮೊದಲೇ ಎದ್ದು ನಿಂತೆ. ಎಲ್ಲರನ್ನೂ ಮಷಿನ್ ಮುಂದಕ್ಕೆ ಕರೆದುಕೊಂಡು ಹೋದೆ. ಹಳೆಯ ಡಿಸ್ಕ್ ಹಾಕಿದೆ, ಎಸ್ ಒತ್ತಿದೆ, ಏಳು ಒತ್ತಿದೆ. "ಈಗ ಗಡಿಯಾರ ನೋಡ್ತಾ ಇರಿ" ಅಂದೆ.

ರೈನೊ, ಕ್ಲಿಫರ್ಡ್ ಸೇರಿ ಆರು ಜನ ನಿಂತುಹೋದ ಗಡಿಯಾರವನ್ನು ಐದು ನಿಮಿಷ ನೋಡಿದೆವು. ಕ್ಲಿಫರ್ಡ್‌ನ ಕಿವಿ ಕೆಂಪಾಯಿತು. "ಇದು ನನ್ನ ತಪ್ಪು, ಇವರದ್ದಲ್ಲ" ಅಂದೆ. ಹನ್ನೊಂದು ಗಂಟೆಗೆಲ್ಲ ಮುಗಿಯಿತು. ರೈನೊ ಮೇಲಿನ ದೂರು ಹರಿದು ಹಾಕಿದರು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಅವನು ಬಂದು ಕೈ ಹಿಡಿದುಕೊಳ್ಳುತ್ತಾನೆ ಅಂದುಕೊಂಡಿದ್ದೆ.

ಎಲ್ಲರೂ ಹೋದ ಮೇಲೆ ಬಂದ. ಟೋಪಿ ಕೈಯಲ್ಲಿತ್ತು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಹದಿನಾಲ್ಕಕ್ಕೆ."

"ಹೋದ ಶುಕ್ರವಾರ."

"ಹೌದು. ಸರಿ ಮಾಡಿ ತೋರಿಸೋಣ ಅಂತ…"

"ಸೋಮವಾರ ಪೇಟೆಗೆ, ಲೈಸೆನ್ಸ್ ಆಫೀಸಿಗೆ ಹೋಗಿದ್ದೆ ಕಣಮ್ಮ. ನನ್ನ ಡ್ರೈವಿಂಗ್ ಲೈಸೆನ್ಸ್ ಇನ್ನು ಬೇಡ ಅಂತ ಕೌಂಟರ್ ಮೇಲಿಟ್ಟು ಬಂದೆ. ತಲೆ ಕೆಟ್ಟಿರೋನು ಗಾಡಿ ಓಡಿಸಬಾರದು. ಮೊಮ್ಮಗಳನ್ನ ಕೂರಿಸ್ಕೊಂಡು ಹೋಗ್ತೀನಲ್ಲ. ಯಾಕೆ ಅಂತ ಕೇಳಿದ್ಳು ಕೌಂಟರ್‌ನಲ್ಲಿದ್ದ ಹುಡುಗಿ. ನಂಗೆ ಮರೆವು ಬಂದಿದೆ, ನಮ್ಮಪ್ಪನ ಥರ, ಅಂದೆ. ಬಾಯಿಬಿಟ್ಟು ಅಂದೆ, ಅಷ್ಟು ಜನರ ಮುಂದೆ. ವಾಪಸ್ ಬರೋವಾಗ ಲೆಂಪಿ ಓಡಿಸಿದ್ಲು. ದಾರಿಯುದ್ದಕ್ಕೂ ಅಳ್ತಾನೇ ಓಡಿಸಿದ್ಲು."

ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

"ಫೋನ್ ಇತ್ತಲ್ಲ ನಿನ್ನ ಮೇಜಿನ ಮೇಲೆ. ಒಂದು ಮಾತು, 'ರೈನೊ, ನಿನ್ನ ತಲೆ ನೆಟ್ಟಗಿದೆ' ಅಂತ. ಅದಕ್ಕೂ ಸರಿ ಮಾಡಿ ಮುಗಿಸ್ಬೇಕಿತ್ತಾ? ಸೋಮವಾರ ನೀನೇನ್ ಮಾಡ್ತಿದ್ದೆ ವರ್ನಾ?"

ಟೋಪಿ ಹಾಕಿಕೊಂಡು ಹೋದ. ಲೆಂಪಿ ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

ಅವನಿಗೆ ಹೇಳದ್ದನ್ನು ಇಲ್ಲಾದರೂ ಬರೆಯಬೇಕು. ಸೋಮವಾರ ಪ್ರೋಗ್ರಾಂ ಆಗಲೇ ಸರಿಯಾಗಿ ಓಡುತ್ತಿತ್ತು. ನಾನು ಬೆಳಗಿನಿಂದ ಸಂಜೆಯವರೆಗೆ ಕೂತು, ಆ ಏಳರ ಪಕ್ಕದಲ್ಲಿ ಕರ್ಸರ್ ಚೆನ್ನಾಗಿ ಮಿಣುಕಲಿ ಅಂತ—